ಸೌಂಧ್ ಸುಮ್ನೆ ಕಾಯಲಿಲ್ಲ, ಮಾರಾಯ

ಪ್ರೀತಿಯ ಗೆಳೆಯಾ,

ಎಲ್ಲರೆದುರೇ ಬರೆಯುತ್ತಿದ್ದೇನೆ, ಬೈಬೇಡ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರೂ ಇದನ್ನು ಓದಲಿ.

ದಲೀಪ್ ಸಿಂಗ್ ಸೌಂಧ್ ಯಾರು ಅಂತ ಕೇಳಿದ್ದೆಯಲ್ಲ. ಪಂಜಾಬಿನ ಹಳ್ಳಿಯವರು. ಹಣ್ಣು ತರಕಾರಿ ಕೆಡದಂತೆ ಇಡುವ ವಿದ್ಯೆ ಕಲಿಯಲು 1920ರಲ್ಲಿ ಅಮೆರಿಕಕ್ಕೆ ಬಂದರು. ಆಮೇಲೆ ಗಣಿತಕ್ಕೆ ಹೊರಳಿ 1924ರಲ್ಲಿ ಇಲ್ಲಿನ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮುಗಿಸಿದರು. ಅಷ್ಟು ಓದಿದವರಿಗೆ ಸಿಕ್ಕಿದ್ದು ಹತ್ತಿ ಬಿಡಿಸುವವರ ಮೇಸ್ತ್ರಿ ಕೆಲಸ. ಅದೂ ಇಂಪೀರಿಯಲ್ ವ್ಯಾಲಿಯಲ್ಲಿ. ಕೊಲರಾಡೊ ನದಿಯ ನೀರು ಹರಿಸಿ ಬೆಳೆ ತೆಗೆಯುವ ಮರಳುಗಾಡು ಅದು, ಬೇಸಿಗೆಯಲ್ಲಿ ನಿಲ್ಲೋಕಾಗಲ್ಲ. ಅಲ್ಲೇ ಲೆಟಿಸ್ ಸೊಪ್ಪು ಬೆಳೆದರು, ನಷ್ಟ ಉಂಡರು, ಮತ್ತೆ ಬಿತ್ತಿದರು. ಆದರೆ ಭೂಮಿಯನ್ನು ತಮ್ಮ ಹೆಸರಿಗೆ ಮಾಡಿಕೊಳ್ಳುವಂತಿರಲಿಲ್ಲ. ಭಾರತೀಯರು ಇಲ್ಲಿನ ಪ್ರಜೆಗಳಾಗುವಂತಿಲ್ಲ ಅಂತ 1923ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತ್ತು. ಪ್ರಜೆಯಾಗಲು ಆಗದವರಿಗೆ ಆಗ ಈ ರಾಜ್ಯದಲ್ಲಿ ಜಮೀನೂ ಇರಲಿಲ್ಲ. ಸೌಂಧ್ ಅವರನ್ನು ಮದುವೆಯಾದ ಮೇರಿಯನ್ ಕೂಡ ತನ್ನ ಪೌರತ್ವ ಕಳೆದುಕೊಂಡರು!

ಸೌಂಧ್ ಮಾತ್ರ ಬಾಯಿ ಮುಚ್ಚಿಕೊಂಡಿರಲಿಲ್ಲ. ಊರೂರು ತಿರುಗಿ ಭಾಷಣ ಮಾಡಿದರು. ಸಂಘ ಕಟ್ಟಿ ಕಾನೂನು ಬದಲಿಸಲು ಓಡಾಡಿದರು. 1946ರಲ್ಲಿ ಕಾನೂನು ಬದಲಾಯಿತು, 1949ರಲ್ಲಿ ಪ್ರಜೆಯಾದರು. ಮರುವರ್ಷ ಅದೇ ವ್ಯಾಲಿಯ ವೆಸ್ಟ್‌ಮೋರ್ಲೆಂಡ್ ಊರಿನ ಜನ ಅವರನ್ನು ನ್ಯಾಯಾಧೀಶರಾಗಿ ಆರಿಸಿದರೆ, ಪ್ರಜೆಯಾಗಿ ವರ್ಷ ತುಂಬಿಲ್ಲ ಅಂತ ಹುದ್ದೆ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತು ಗೆದ್ದರು. 1956ರಲ್ಲಿ ಹೆಸರಾಂತ ವಿಮಾನ ಚಾಲಕಿ ಜಾಕ್ವೆಲಿನ್ ಕಾಕ್ರನ್ ಅವರನ್ನು ಸೋಲಿಸಿ ಅಮೆರಿಕದ ಸಂಸತ್ತಿಗೇ ಹೋದರು. ಏಷ್ಯಾ ಮೂಲದವರೊಬ್ಬರು ಅಲ್ಲಿಗೆ ಆರಿಸಿ ಹೋಗಿದ್ದು ಅದೇ ಮೊದಲು.

ಅವರ ಈ ಕತೆ ಓದಿದಾಗಿಂದ ನನಗೆ ನಿದ್ದೆ ಸರಿಯಾಗಿಲ್ಲ. ಇಲ್ಲಿನ ನಗರಸಭೆಯಲ್ಲಿ ಯಾರು ಬೇಕಾದರೂ ಎದ್ದು ಮಾತಾಡಬಹುದು. ಮಗಳ ಶಾಲೆಯ ಮುಂದಿನ ರಸ್ತೆ ದಾಟೋದು ಕಷ್ಟ ಅಂತ ಹೇಳಬೇಕಿತ್ತು. ಹೋದೆ, ಕೂತೆ, ಎದ್ದು ಬಂದೆ. ಹೆಸರು ಬರೆದುಕೊಂಡರೆ? ಇಲ್ಲೇ ನೆಲೆಸಲು ಬೇಕಾದ ಗ್ರೀನ್ ಕಾರ್ಡಿಗೆ ತೊಂದರೆಯಾದರೆ? ಹೆಂಡತಿಗೂ ಇದನ್ನು ಹೇಳಿಲ್ಲ. ಅಲ್ಲಿ ಊರಿನವರ ಪಾಲಿಗೆ ನಾನು ಹೋದವನು. ಇಲ್ಲಿ ಇನ್ನೂ ಬಂದವನಲ್ಲ. ಕಾರ್ಡ್ ಬರಲಿ, ಆಮೇಲೆ ಅಂತ ಎಷ್ಟು ಕಾಲ, ಹೇಳು?

ಇಷ್ಟೆಲ್ಲ ಬರೆಯುವ ಮನಸ್ಸಿರಲಿಲ್ಲ. ಸಾಕು ಬಿಡು. ನೀನು ಪಂಚಾಯಿತಿಗೆ ನಿಲ್ತೀಯಂತೆ, ಅತ್ತಿಗೆ ಹೇಳಿದರು. ನಿಂತುಬಿಡು ಮಾರಾಯ. ನಾಮಪತ್ರ ಹಾಕುವ ದಿನ ಆ ಹಸಿರು ಅಂಗಿ ಮಾತ್ರ ಹಾಕಬೇಡ!

ನಿನ್ನವನೇ