ನಾಭಾ ಸಂಸ್ಥಾನವನ್ನು ಮರೆಯದಿರೋಣ

ಮಾನ್ಯ ಸಂಪಾದಕರೇ,

ದೇಶೀ ಸಂಸ್ಥಾನಗಳ ಕುರಿತು ನಮ್ಮಲ್ಲಿ ಬರುವ ಬರಹಗಳು ಬಹುಮಟ್ಟಿಗೆ ಅರಮನೆ, ಆಭರಣ, ಮೋಟಾರು ಕಾರುಗಳಲ್ಲೇ ಮುಗಿದುಹೋಗುತ್ತವೆ. ಪಂಜಾಬಿನ ವಿಷಯವಂತೂ ಪಟಿಯಾಲದ ವೈಭವವನ್ನು ದಾಟುವುದೇ ಅಪರೂಪ. ದೇಶೀ ಅರಸರ ಮೇಲೆ ಬ್ರಿಟಿಷರಿಗಿದ್ದ ಪರಮಾಧಿಕಾರ ಎಂಥದ್ದಾಗಿತ್ತೆಂದು ತಿಳಿಯಬೇಕಾದವರು ಪಟಿಯಾಲದ ಅರಸರಂತೆಯೇ ಸಿಖ್ಖರ ಫೂಲ್ ವಂಶಕ್ಕೆ ಸೇರಿದವರು ಆಳುತ್ತಿದ್ದ ಪಕ್ಕದ ನಾಭಾ ಸಂಸ್ಥಾನವನ್ನು ನೋಡಬೇಕು.

1809ರ ಅಮೃತಸರ ಒಪ್ಪಂದದಿಂದ ಸಟ್ಲೆಜ್ ನದಿಯ ಈಚೆ ದಡದ, ನಾಭಾವೂ ಸೇರಿದಂತೆ, ಸಿಖ್ ಅರಸರಿಗೆ ಲಾಹೋರಿನ ದೊರೆ ರಣಜಿತ್ ಸಿಂಗನ ಭಯ ತಪ್ಪಿತು, ಕಂಪನಿಯ ಹಂಗು ಅಂಟಿಕೊಂಡಿತು. ಮೊದಲ ಆಂಗ್ಲೋ-ಸಿಖ್ ಯುದ್ಧದಲ್ಲಿ ಲಾಹೋರಿನ ಕಡೆ ಒಲವು ತೋರಿದನೆಂದು ನಾಭಾದ ರಾಜಾ ದೇವಿಂದರ್ ಸಿಂಗನನ್ನು 1846ರಲ್ಲಿ ಪದಚ್ಯುತಗೊಳಿಸಿ, ರಾಜ್ಯದ ಸುಮಾರು ಕಾಲು ಭಾಗವನ್ನು ಕಿತ್ತುಕೊಳ್ಳಲಾಯಿತು.

1911ರಲ್ಲಿ ಪಟ್ಟಕ್ಕೆ ಬಂದ ರಿಪುದಮನ್ ಸಿಂಗ್, 1921ರಲ್ಲಿ ಗುರುದ್ವಾರಕ್ಕೆ ಬಂದ ಸಿಖ್ಖರನ್ನು ಕೊಂದ ನಂಕಾನಾ ಸಾಹಿಬ್ ಹತ್ಯಾಕಾಂಡದ ಶೋಕಸೂಚಕವಾಗಿ ಕಪ್ಪು ಪೇಟ ಧರಿಸಿ ಸರ್ಕಾರದ ಕೆಂಗಣ್ಣಿಗೆ ಗುರಿಯಾದವರು. ಪಟಿಯಾಲದ ಭೂಪಿಂದರ್ ಸಿಂಗರೊಂದಿಗಿನ ಅವರ ವೈಷಮ್ಯ ವಿಚಾರಣೆಯ ಹಂತ ಮುಟ್ಟಿದಾಗ ತೀರ್ಮಾನ ಬಹುಪಾಲು ನಾಭಾದ ವಿರುದ್ಧವೇ ಬಂತು. ಅವರ ಆಡಳಿತ ನಿಷ್ಕಳಂಕವಾಗಿತ್ತೆಂದು ನಾನೂ ಹೇಳಲಾರೆ. ಆದರೆ 1923ರ ಜುಲೈಯಲ್ಲಿ ಅವರು ತಾವಾಗಿಯೇ ಗದ್ದುಗೆ ಬಿಟ್ಟರೆಂಬ ಸರ್ಕಾರದ ಹೇಳಿಕೆಯನ್ನು ಗುರುದ್ವಾರಗಳ ಸುಧಾರಣೆಗೆ ಹೋರಾಡುತ್ತಿದ್ದ ಸಿಖ್ ಅಕಾಲಿಗಳು ನಂಬಲಿಲ್ಲ, ಅರಸನ ಪರ ಚಳವಳಿಗಿಳಿದರು. ದುರಾಡಳಿತದ ನೆಪದಲ್ಲಿ 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಹೋದುದನ್ನು ಬಲ್ಲ ನಮಗೆ ಈ ಅಪನಂಬಿಕೆ ಅರ್ಥವಾಗುವಂಥದ್ದೇ.

ಆ ಸೆಪ್ಟೆಂಬರಿನಲ್ಲಿ ನಾಭಾ ಸಂಸ್ಥಾನದ ಜೈತೋ ಊರಿನ ಗಂಗಸರ್ ಗುರುದ್ವಾರದಲ್ಲಿ ಅಖಂಡ ಪಾಠಕ್ಕೆ (ಗುರು ಗ್ರಂಥದ ನಿರಂತರ ಪಠಣಕ್ಕೆ) ಅಧಿಕಾರಿಗಳು ಅಡ್ಡಿಪಡಿಸಿದ ಮೇಲೆ, ಅರಸನ ಪರವಾದ ಚಳವಳಿ ಧಾರ್ಮಿಕ ಹಕ್ಕಿನ ಹೋರಾಟವೂ ಆಯಿತು. ಅದನ್ನು ಕಣ್ಣಾರೆ ನೋಡಲು ಹೋದ ಜವಾಹರಲಾಲ್ ನೆಹರೂ ಬಂಧಿತರಾದರು. ಅವರ ಬಲಗೈಯನ್ನು ಜೊತೆಗಿದ್ದ ಕಾಂಗ್ರೆಸ್ಸಿನ ಕೆ. ಸಂತಾನಂ ಅವರ ಎಡಗೈಗೆ ಬೇಡಿಯಿಂದ ಬಿಗಿದು, ಬೇಡಿಯ ಸರಪಳಿಯನ್ನು ಪೊಲೀಸನೊಬ್ಬ ಹಿಡಿದು, ಜೈತೋದ ಬೀದಿಗಳಲ್ಲಿ ನಡೆಸಿದರು. ನಮ್ಮಲ್ಲಿ ನಾಭಾದ ಹೆಸರು ಕೇಳಿಬರುವುದೇ ಈ ಪ್ರಸಂಗದಿಂದ. 1924ರ ಫೆಬ್ರವರಿ 21ರಂದು ಅದೇ ಜೈತೋಗೆ ಬಂದ 500 ಮಂದಿ ಅಕಾಲಿಗಳ ಜಥಾದ (ತಂಡದ) ಮೇಲೆ ಗುಂಡು ಹಾರಿಸಿದ್ದರ ಪ್ರಸ್ತಾಪ ಮಾತ್ರ ವಿರಳ.

1925ರಲ್ಲಿ ಗುರುದ್ವಾರಗಳ ಆಡಳಿತವನ್ನು ಸಿಖ್ಖರ ಚುನಾಯಿತ ಸಮಿತಿಗೆ ಒಪ್ಪಿಸಿದ ಗುರುದ್ವಾರ ಕಾಯ್ದೆ ಬಂತು, ಜೈತೋದಲ್ಲಿ 101 ಅಖಂಡ ಪಾಠಗಳೂ ಸಾಂಗವಾಗಿ ಮುಗಿದವು. ಅರಸನಿಗೆ ಮಾತ್ರ ಗದ್ದುಗೆ ಮರಳಲಿಲ್ಲ. 1928ರಲ್ಲಿ ಬಿರುದುಗಳನ್ನೂ ಕಳೆದುಕೊಂಡ ರಿಪುದಮನ್ ಸಿಂಗರನ್ನು ದೂರದ ಕೊಡೈಕೆನಾಲಿಗೆ ಸಾಗಿಸಿದರು, 1942ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು. ಸಂಸ್ಥಾನಗಳ ಕುರಿತ ಲೇಖನಗಳನ್ನು ಮುಂದೆ ಪ್ರಕಟಿಸುವಾಗ ತಮ್ಮ ಪತ್ರಿಕೆಯು ನಾಭಾಕ್ಕೂ ಒಂದಿಷ್ಟು ಜಾಗ ಕೊಡಬೇಕೆಂದು ವಿನಂತಿ.

– ನಿವೃತ್ತ ಇತಿಹಾಸ ಅಧ್ಯಾಪಕ, ಧಾರವಾಡ