ಧಾಬಾಕ್ಕಿಂತ ಮೊದಲು ಖಾನಾವಳಿ ಇತ್ತು

ಮಾನ್ಯ ಸಂಪಾದಕರೇ,

ಹೆದ್ದಾರಿ ಬದಿಯ ಧಾಬಾಗಳ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಆದರೆ ನಮ್ಮ ಭಾಗದ ದಾರಿಯೂಟದ ಚರಿತ್ರೆಯನ್ನು ಲಾರಿಗಳ ಓಡಾಟದಿಂದ ಆರಂಭಿಸಿದ್ದು ಸರಿಯೆನಿಸಲಿಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಯಲ್ಲಿ ಧಾಬಾಕ್ಕಿಂತ ಬಹಳ ಮೊದಲೇ ಖಾನಾವಳಿ ಇತ್ತು. ಅದರ ಚರಿತ್ರೆಯನ್ನು ಬರೆದಿಡುವ ಕೆಲಸ ಇನ್ನೂ ಆಗಬೇಕಾದ ಪ್ರಮಾಣದಲ್ಲಿ ಆಗಿಲ್ಲವೆಂಬುದನ್ನು ತಮ್ಮ ಓದುಗರ ಗಮನಕ್ಕೆ ತರಲು ಈ ಪತ್ರ.

ದುಡ್ಡು ಕೊಟ್ಟು ಪರಸ್ಥಳದಲ್ಲಿ ಉಣ್ಣುವುದು ಇಲ್ಲಿ ತಡವಾಗಿ ಬಂದ ರೂಢಿ. ಊರಿಗೆ ಹೊರಟವರು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿಯ ಬುತ್ತಿ ಕಟ್ಟಿಕೊಂಡು ಹೋಗಿ, ಬಾವಿಯೋ ಹಳ್ಳವೋ ಸಿಕ್ಕಲ್ಲಿ ಗಂಟು ಬಿಚ್ಚುತ್ತಿದ್ದರು. ಬುತ್ತಿ ಇಲ್ಲದವರಿಗೆ ಮಠದ ದಾಸೋಹವಿತ್ತು, ಇಲ್ಲವೇ ಬೀಗರ ಮನೆ ಇತ್ತು. ಅನ್ನ ಮಾರಬಾರದೆಂಬ ನಂಬಿಕೆಯೂ ಬಲವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸೊಲ್ಲಾಪುರದ ಕಡೆಯಿಂದ ವಿಜಯಪುರ, ಬಾಗಲಕೋಟೆಗಳನ್ನು ಹಾದು ಗದಗಕ್ಕೆ ರೈಲು ಬಂದು, ಹತ್ತಿ ಪೇಟೆ, ಕೋರ್ಟು, ಕಚೇರಿ, ಹೈಸ್ಕೂಲುಗಳು ಬೆಳೆದಂತೆ ಬಂಧುಗಳಿಲ್ಲದ ಊರಿನಲ್ಲಿ ದಿನಗಟ್ಟಲೆ, ತಿಂಗಳುಗಟ್ಟಲೆ ಇರಬೇಕಾದ ಜನ ಹೆಚ್ಚಿದರು. ಅಂಥವರಿಗಾಗಿ ಮನೆಯ ಪಡಸಾಲೆಯೇ ಊಟದ ಮನೆಯಾಯಿತು. ಖಾನಾವಳಿಯೆಂದರೆ ಮೊದಲಿಗೆ ಇಷ್ಟೇ, ಒಂದು ಮನೆಯ ಒಲೆಯಲ್ಲಿ ಹೊರಗಿನವರಿಗೂ ನಾಲ್ಕು ರೊಟ್ಟಿ ಹೆಚ್ಚು ಬಡಿಯುವುದು.

ಆ ರೊಟ್ಟಿ ಬಡಿದವರು ಹೆಂಗಸರು. ಗಂಡ ತೀರಿಕೊಂಡ ಮೇಲೆ ಹೊಲವಾಗಲಿ ನೌಕರಿಯಾಗಲಿ ಇಲ್ಲದೆ, ಮಕ್ಕಳನ್ನು ಸಾಕಲು ಕೈಯಲ್ಲಿದ್ದ ಒಂದೇ ವಿದ್ಯೆಯಿಂದ ಖಾನಾವಳಿ ನಡೆಸಿದ ತಾಯಂದಿರು ಈ ಭಾಗದ ಹಲವು ಪಟ್ಟಣಗಳಲ್ಲಿದ್ದರು. ಬೋರ್ಡಿನ ಮೇಲೆ ಮಾತ್ರ ದೇವರ ಹೆಸರೋ ಮಗನ ಹೆಸರೋ ಇರುತ್ತಿತ್ತು. 1956ರವರೆಗೆ ನಾವು ಸೇರಿದ್ದ ಮುಂಬೈ ರಾಜ್ಯದ ರಾಜಧಾನಿಯಲ್ಲಿಯೂ ಗಿರಣಿ ಕಾರ್ಮಿಕರಿಗೆ ಹೀಗೆಯೇ ಮನೆಯ ಹೆಂಗಸರು ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು. 1975ರಲ್ಲಿ ಪ್ರೇಮಾ ಪುರವ ಅವರು ಅಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿ ಆ ಹೆಂಗಸರನ್ನು ಸಂಘಟಿಸಿದ್ದರಿಂದ ಅವರ ದುಡಿಮೆ ಲೋಕದ ಕಣ್ಣಿಗೆ ಬಿತ್ತು. ನಮ್ಮ ಖಾನಾವಳಿಯ ಅವ್ವಂದಿರಿಗೆ ಅಂಥ ಗುರುತು ಸಿಗಲಿಲ್ಲ.

ಆ ದುಡಿಮೆ ಎಂಥದ್ದೆಂದು ಹೊಗೆ ಹಿಡಿದ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದವರಿಗೆ ಗೊತ್ತು. ಕುದಿಯುವ ಎಸರಿಗೆ ಬಿಳಿಜೋಳದ ಹಿಟ್ಟು ಕಲಸಿ, ಬಿಸಿ ಇರುವಾಗಲೇ ಅಂಗೈಯಿಂದ ನಾದಿ, ಎರಡೂ ಕೈಯಿಂದ ಬಡಿಯುತ್ತ ತಿರುಗಿಸಿ, ಹಂಚಿನ ಮೇಲೆ ಹಾಕಿದೊಡನೆ ನೀರಲ್ಲಿ ಅದ್ದಿದ ಅರಿವೆಯಿಂದ ಮೇಲ್ಮೈ ಸವರಿ, ಮಗುಚಿ, ಕೆಂಡದ ಮಗ್ಗುಲಲ್ಲಿ ಉಬ್ಬಿಸುವ ಕೆಲಸ. ಹಿಟ್ಟು ತಣ್ಣಗಾದರೆ ಅಂಚು ಬಿರಿಯುತ್ತದೆ, ಆದ್ದರಿಂದ ಕೂತವರು ಏಳುವ ತನಕ ಬಡಿಯುವವಳಿಗೆ ಬಿಡುವಿಲ್ಲ. ತಾಟಿನಲ್ಲಿ ಎಣ್ಣೆಗಾಯಿಯೋ ಜುಣಕವೋ, ಒಂದು ಕಾಳುಪಲ್ಯ, ಗುರೆಳ್ಳು ಹಿಂಡಿ, ಹಸಿ ಮೆಂತೆಪಲ್ಯೆ, ಗಟ್ಟಿ ಮೊಸರು. ಹೊರಗೆ ಗೂಟಕ್ಕೆ ತೂಗುಹಾಕಿದ ವಹಿಯಲ್ಲಿ ತಿಂಗಳ ಗಿರಾಕಿಗಳ ಹೆಸರು, ಊಟ ಬಿಟ್ಟ ದಿನಗಳ ಗುರುತು, ಬಾಕಿ. ಯಾರು ಯಾವ ಊರಿನಿಂದ ಬಂದರು, ಯಾವ ಸುಗ್ಗಿಯಲ್ಲಿ ಬಾಕಿ ತೀರಿತು, ಯಾವ ಬರಗಾಲದಲ್ಲಿ ತೀರಲಿಲ್ಲ ಎಂಬುದನ್ನು ಆ ವಹಿಗಳಷ್ಟು ನೇರವಾಗಿ ಹೇಳುವ ಸರ್ಕಾರಿ ಕಾಗದ ಸಿಗುವುದು ಕಷ್ಟ.

ಈ ಚರಿತ್ರೆಯನ್ನು ಬರೆಯುವವರು ಬರೀ ರುಚಿಯನ್ನು ಕೊಂಡಾಡಿ ನಿಲ್ಲಬಾರದು. ಖಾನಾವಳಿಗಳ ಬೋರ್ಡುಗಳು ಜಾತಿಯನ್ನು ಮುಚ್ಚಿಟ್ಟವಲ್ಲ. ಲಿಂಗಾಯತ ಖಾನಾವಳಿ, ಮರಾಠಾ ಖಾನಾವಳಿ, ಸಾವಜಿ ಖಾನಾವಳಿ ಎಂದು ದೊಡ್ಡ ಅಕ್ಷರಗಳಲ್ಲಿಯೇ ಬರೆದಿರುತ್ತಿತ್ತು, ಕೆಲವೆಡೆ ಇಂದಿಗೂ ಇದೆ. ಬೋರ್ಡು ಸಸ್ಯಾಹಾರವೋ ಮಾಂಸಾಹಾರವೋ ಎಂಬುದನ್ನು ತಿಳಿಸುವುದರ ಜೊತೆಗೆ ಯಾರು ಒಳಗೆ ಕೂರಬಹುದು, ಯಾರು ಅಂಗಳದಲ್ಲಿಯೇ ಉಂಡು ಹೋಗಬೇಕು ಎಂಬುದನ್ನೂ ಒಂದು ಕಾಲಕ್ಕೆ ತಿಳಿಸುತ್ತಿತ್ತು. ಅಂಗಳದಲ್ಲಿ ಉಂಡವರ ನೆನಪನ್ನೂ ಕೇಳಿ ಬರೆಯದಿದ್ದರೆ ಚರಿತ್ರೆ ಅರ್ಧವೇ ಆದೀತು.

ಅಮೆರಿಕದವರು ಡೈನರು ಎಂಬ ತಮ್ಮ ದಾರಿಬದಿಯ ಸಣ್ಣ ಊಟದ ಮನೆಗಳ ವಿಷಯದಲ್ಲಿ ಬಹಳ ಎಚ್ಚರ ವಹಿಸಿದ್ದಾರೆ. 1872ರಲ್ಲಿ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದಲ್ಲಿ ವಾಲ್ಟರ್ ಸ್ಕಾಟ್ ಎಂಬಾತ ಕುದುರೆಗಾಡಿಯಲ್ಲಿ ತಿನಿಸು ತಂದು, ಒಂದು ಪತ್ರಿಕಾ ಕಚೇರಿಯ ಹೊರಗೆ ರಾತ್ರಿಪಾಳಿಯವರಿಗೆ ಮಾರಿದ್ದರಿಂದ ಆ ಕತೆ ಶುರುವಾಗುತ್ತದೆ (ಸಂಪಾದಕರಿಗೆ ಈ ಸಂಗತಿ ಹಿಡಿಸೀತು). ಮುಂದೆ ಇಡೀ ಡೈನರನ್ನೇ ಕಾರ್ಖಾನೆಯಲ್ಲಿ ತಯಾರಿಸಿ ಸಾಗಿಸುವ ಕಂಪನಿಗಳು ಬಂದವು. 1978ರಲ್ಲಿ ಪಾಟಕೆಟ್ ನಗರದ ಮಾಡರ್ನ್ ಡೈನರ್ ಆ ದೇಶದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು, ಡೈನರೊಂದು ಹೀಗೆ ಸೇರಿದ್ದು ಅದೇ ಮೊದಲು. ಅವರಿಗೆ ಕಾಯ್ದಿಡಲು ಕಟ್ಟಡ ಇತ್ತು, ಬೇಕೆಂದರೆ ಎತ್ತಿ ಬೇರೆಡೆ ಇಡಬಹುದಾದ ಕಟ್ಟಡ. ನಮ್ಮಲ್ಲಿ ಪತ್ರಾಸಿನ ಚಪ್ಪರವನ್ನು ಸ್ಮಾರಕ ಮಾಡಿ ಏನೂ ಪ್ರಯೋಜನವಿಲ್ಲ. ಕಾಯ್ದಿಡಬೇಕಾದದ್ದು ವಹಿ, ಬೋರ್ಡು, ಊಟದ ಕೂಪನ್ನು, ಬಾಯಿಮಾತು.

ಅದಕ್ಕೆ ಕಾಲವೂ ಹೆಚ್ಚು ಉಳಿದಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಮುಳುಗಿದಾಗ ಪೇಟೆಯ ಜೊತೆಗೆ ಪೇಟೆಯನ್ನೇ ನಂಬಿದ್ದ ಊಟದ ಮನೆಗಳೂ ಚದುರಿದವು. ಮೊಸರಿಗೆ ಹೆಸರಾದ ಕೊಲ್ಹಾರವೂ ಅದೇ ಹಿನ್ನೀರಿಗೆ ಸಿಕ್ಕು ಹೊಸ ಜಾಗಕ್ಕೆ ಸರಿಯಿತು; ಮೊಸರಿನ ಗಡಿಗೆ ಇಟ್ಟುಕೊಂಡ ಹೆಂಗಸರು ಹೊಸ ದಾರಿಗೂ ಬಂದು ಕುಳಿತದ್ದು ಅವರ ಗಟ್ಟಿತನ. ಈಗಿನ ಚತುಷ್ಪಥ ಹೆದ್ದಾರಿಗಳು ಇನ್ನೊಂದು ಬಗೆಯ ಮುಳುಗಡೆ ತಂದಿವೆ. ಊರ ಹೊರಗಿನ ಬೈಪಾಸು ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯ ಗಿರಾಕಿಯನ್ನು ದೂರದಿಂದಲೇ ಸಾಗಹಾಕುತ್ತದೆ. ರಸ್ತೆಯ ನಡುವಿನ ವಿಭಜಕದಿಂದಾಗಿ ಎದುರು ದಿಕ್ಕಿನ ವಾಹನಗಳು ಈಚೆ ಬರಲಾರವು, ಹೀಗಾಗಿ ಅಂಗಡಿಯ ಅರ್ಧ ವ್ಯಾಪಾರ ಅಲ್ಲಿಗೇ ಹೋಯಿತು. ನಿಲ್ಲಲು ವಿಶಾಲ ಜಾಗವಿರುವ ಧಾಬಾ ಬದುಕುತ್ತದೆ, ಅಲ್ಲಿ ಪನ್ನೀರು, ತಂದೂರಿ ರೋಟಿ ಸಿಗುತ್ತವೆ. ಜೋಳದ ರೊಟ್ಟಿ ಕೇಳಿದರೆ ಕಾಯಬೇಕೆನ್ನುತ್ತಾರೆ. ಪ್ರಯಾಣ ಸುಗಮವಾದದ್ದನ್ನು ನಾನು ಅಲ್ಲಗಳೆಯುವುದಿಲ್ಲ, ರಸ್ತೆ ಬೇಡವೆನ್ನುವ ಉದ್ದೇಶವೂ ನನ್ನದಲ್ಲ.

ವಿಜಯಪುರದಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯವಿದೆ, ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ. ಖಾನಾವಳಿಯ ಚರಿತ್ರೆ ಮಹಿಳೆಯರ ದುಡಿಮೆಯ ಚರಿತ್ರೆಯೂ ಆದ್ದರಿಂದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೇ ಮುಂದಾಗಿ, ವಿದ್ಯಾರ್ಥಿನಿಯರಿಗೆ ತಮ್ಮ ತಮ್ಮ ಊರಿನ ಒಂದೊಂದು ಖಾನಾವಳಿಯನ್ನು ಒಪ್ಪಿಸಿ, ವಯಸ್ಸಾದ ಒಡತಿಯರ ಮಾತನ್ನು ಧ್ವನಿಮುದ್ರಿಸಿ, ಹಳೆಯ ವಹಿಗಳ ಪ್ರತಿ ತೆಗೆದಿಡಬೇಕೆಂದು ವಿನಂತಿಸುತ್ತೇನೆ. ತಮ್ಮ ಪತ್ರಿಕೆಯೂ ಓದುಗರ ಮನೆಯಲ್ಲಿರುವ ಹಳೆಯ ಕೂಪನ್ನು, ಫೋಟೊಗಳಿಗೆ ವಾರಕ್ಕೊಮ್ಮೆ ಒಂದಿಷ್ಟು ಜಾಗ ಕೊಟ್ಟರೆ ಆ ಕೆಲಸಕ್ಕೆ ನೆರವಾದೀತು. ಕೊಲ್ಹಾರ ಮತ್ತು ಹಳೆಯ ಬಾಗಲಕೋಟೆಯಿಂದ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಜಾಗ ನೋಡಿ ನೆನಪಿಸಿಕೊಳ್ಳುವ ಅನುಕೂಲ ಅಲ್ಲಿನವರಿಗೆ ಇಲ್ಲ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ವಿಜಯಪುರ