ಮಗಳಿಗೊಂದು ಪತ್ರ: ಪಕ್ಕದಲ್ಲಿ ಕೂತವರನ್ನು ನೋಡು

ಪುಟ್ಟೀ,

ಎರಡು ಹೊಸ ನಾಟಕ, ಎರಡರಲ್ಲೂ ಒಂದೊಂದು ಸಾವು, ತಾಲೀಮಿಗೆ ಮೂರು ವಾರ, ಸ್ಟೇಜ್ ಮ್ಯಾನೇಜರ್ ನೀನು. ಧೈರ್ಯ ಹೇಳುವ ಕೆಲಸವನ್ನು ನಿಮ್ಮಪ್ಪ ಫೋನಿನಲ್ಲಿ ಮಾಡುತ್ತಾರೆ. ನಾನು ಕೆಲಸದ ಮಾತಷ್ಟೇ ಬರೆಯುತ್ತೇನೆ. ಪ್ರಿಂಟ್ ತೆಗೆದು, ನಾಟಕದ ಪ್ರತಿಯ ಜೊತೆ ಸೂಚನೆಗಳನ್ನೆಲ್ಲ ಬರೆದಿಡುವ ನಿನ್ನ ಪ್ರಾಂಪ್ಟ್ ಫೈಲಿನ ಹಿಂದೆ ಸೇರಿಸಿಕೋ.

ಸಾವಿನ ದೃಶ್ಯ ಅಂದರೆ ತಾಲೀಮಿನಲ್ಲಿ ಎಲ್ಲರ ಕಣ್ಣೂ ಸಾಯುವ ಪಾತ್ರದ ಮೇಲೇ ಇರುತ್ತದೆ, ನಿರ್ದೇಶಕರದ್ದೂ ಸೇರಿ. ಆದರೆ ಸತ್ತದ್ದು ಪ್ರೇಕ್ಷಕರಿಗೆ ಗೊತ್ತಾಗುವುದು ಪಕ್ಕದಲ್ಲಿ ಕೂತವರ ಮೈಯಿಂದ. ಕೈ ಹಿಡಿದಿದ್ದವಳ ಬೆರಳು ಯಾವಾಗ ಸಡಿಲವಾಯಿತು, ನೀರಿನ ಲೋಟ ಎತ್ತಿದವನು ಎಲ್ಲಿ ನಿಂತ, ಅದನ್ನು ಅವರು ನೋಡುತ್ತಾರೆ. ನಿನ್ನ ಪ್ರಾಂಪ್ಟ್ ಪುಸ್ತಕದಲ್ಲಿ ಕ್ಯೂಗಳನ್ನೆಲ್ಲ, ಅಂದರೆ ಬೆಳಕು, ಸದ್ದು ಬದಲಿಸುವ ಸೂಚನೆಗಳನ್ನೆಲ್ಲ, ಪಕ್ಕದಲ್ಲಿ ಕೂತ ಆ ಇನ್ನೊಬ್ಬರಿಗೆ ಕಟ್ಟು. ಮುಂದೆ ಬರೆದಿರುವುದರಲ್ಲಿ ಮುಕ್ಕಾಲು ಪಾಲು ಇದರದೇ ವಿವರ.

ನೀನು ಹೇಗೂ ಅಮೆರಿಕದ ಕೇಪ್ ಕಾಡ್ ಪರ್ಯಾಯದ್ವೀಪದಲ್ಲಿದ್ದೀಯ. ರಜೆ ಸಿಕ್ಕ ದಿನ ಅದರ ತುದಿಯ ಪ್ರಾವಿನ್ಸ್‌ಟೌನಿಗೆ ಹೋಗಿ ಬಾ. 1915ರ ಬೇಸಿಗೆಯಲ್ಲಿ ಆ ಮೀನುಗಾರರ ಊರಿಗೆ ಬಂದಿದ್ದ ಕೆಲವು ಲೇಖಕರು, ಕಲಾವಿದರು ಒಂದು ಮನೆಯಲ್ಲಿ ಎರಡು ಕಿರುನಾಟಕ ಆಡಿದರು. ಮೊದಲನೆಯದಕ್ಕೆ ಜಗುಲಿಯೇ ರಂಗ, ಪ್ರೇಕ್ಷಕರು ಒಳಗೆ. ಎರಡನೆಯದಕ್ಕೆ ಜಾಗ ಅದಲುಬದಲು. ಆಮೇಲೆ ಸಮುದ್ರದ ಮೇಲೆ ಚಾಚಿಕೊಂಡ ಕಟ್ಟೆಯ ಮೇಲಿದ್ದ ಹಳೆಯ ಮೀನಿನ ಗೋದಾಮು ಸಿಕ್ಕಿತು. ಕಟ್ಟೆ ಮೇರಿ ಹೀಟನ್ ವೋರ್ಸ್ ಎಂಬ ಲೇಖಕಿಯದು. ರಂಗದ ಅಳತೆ ಸುಮಾರು 10 ಅಡಿಗೆ 12 ಅಡಿ, ಹಿಂದೆ ಸಮುದ್ರದ ಕಡೆಗೆ ತೆರೆಯುವ ದೊಡ್ಡ ಬಾಗಿಲು. ಶುರುವಿನ ಪ್ರದರ್ಶನಗಳಲ್ಲಿ ರಂಗದ ಪಕ್ಕದ ಮರೆಯಲ್ಲಿ, ಅಂದರೆ ವಿಂಗಿನಲ್ಲಿ, ದೀಪ ಹಿಡಿದು ನಿಂತವರ ಜೊತೆಗೆ, ಬೆಂಕಿ ಹೊತ್ತಿದರೆ ಇರಲಿ ಅಂತ ಮರಳು, ಸಲಿಕೆ ಹಿಡಿದವರೂ ನಿಂತಿದ್ದರಂತೆ. ಅಷ್ಟು ಎಚ್ಚರ ನಿನ್ನ ತಂಡದಲ್ಲೂ ಇರಲಿ.

ಅಲ್ಲಿ 1916ರ ಜುಲೈ 28ರಂದು, ಮುಂದೆ ಅಮೆರಿಕದ ದೊಡ್ಡ ನಾಟಕಕಾರನಾದ ಯೂಜೀನ್ ಓನೀಲ್ ಬರೆದ ‘ಬೌಂಡ್ ಈಸ್ಟ್ ಫಾರ್ ಕಾರ್ಡಿಫ್’ ರಂಗಕ್ಕೆ ಬಂತು. ಓನೀಲ್ ನಾಟಕವೊಂದು ರಂಗದ ಮೇಲೆ ಬಂದದ್ದು ಅದೇ ಮೊದಲು. ಹಡಗಿನ ಒಳಗೆ ಬಿದ್ದು ಮೈಯೊಳಗೆ ಗಾಯವಾದ ಯಾಂಕ್ ಎಂಬ ನಾವಿಕ, ಅವನ ಪಕ್ಕ ಗೆಳೆಯ ಡ್ರಿಸ್ಕಾಲ್. ಅಷ್ಟೇ ನಾಟಕ. ಯಾಂಕ್ ಮಲಗಿದ್ದಲ್ಲಿಂದ ಏಳುವುದಿಲ್ಲ. ಇಬ್ಬರೂ ಸೇರಿ ಹೊಲ ಕೊಳ್ಳಬೇಕು ಅಂತ ಒಬ್ಬರಿಗೊಬ್ಬರು ಹೇಳದೆ ಇಟ್ಟುಕೊಂಡಿದ್ದ ಆಸೆ ಆಗ ಹೊರಬರುತ್ತದೆ. ಅವನು ಸತ್ತಮೇಲೆ ಡ್ರಿಸ್ಕಾಲ್ ಮೊಣಕಾಲೂರಿ ಪ್ರಾರ್ಥನೆಗೆ ತೊಡಗುತ್ತಾನೆ. ಅಷ್ಟರಲ್ಲಿ ಮತ್ತೊಬ್ಬ ನಾವಿಕ ಒದ್ದೆ ಕೋಟಿನಲ್ಲಿ ಒಳಬಂದು, ಮಂಜು ಸರಿಯಿತು ಅನ್ನುತ್ತಾನೆ. ಅವನಿಗೆ ಇನ್ನೂ ಗೊತ್ತಿಲ್ಲ. ಪ್ರಾರ್ಥಿಸುತ್ತಿರುವ ಡ್ರಿಸ್ಕಾಲ್‌ನನ್ನು, ಆಮೇಲೆ ಮಲಗಿದ್ದವನನ್ನು ನೋಡಿದ ಮೇಲೆ ಗೊತ್ತಾಗುತ್ತದೆ. ಲೇಖಕ ಸಾವಿನ ಸುದ್ದಿಯನ್ನು ಹೆಣದಿಂದಷ್ಟೇ ಹೇಳಿಸಲಿಲ್ಲ, ನೋಡು. ಮೊದಲ ರಾತ್ರಿ ಬಂದರಿನಲ್ಲಿ ನಿಜವಾದ ಮಂಜಿತ್ತು, ಹಲಗೆಯ ಕೆಳಗೆ ಉಬ್ಬರದ ನೀರು ಸದ್ದು ಮಾಡುತ್ತಿತ್ತು ಎಂದು ಅದೇ ಗುಂಪಿನ ಲೇಖಕಿ ಸೂಸಾನ್ ಗ್ಲಾಸ್ಪೆಲ್ ಆಮೇಲೆ ಬರೆದಿದ್ದಾರೆ. ಅಂಥ ಅದೃಷ್ಟವನ್ನು ನಂಬಿ ಸೌಂಡ್ ಪ್ಲಾನ್ ಮಾಡಬೇಡ.

ಅದೇ ಆಗಸ್ಟ್ 8ಕ್ಕೆ ಗ್ಲಾಸ್ಪೆಲ್ ಅವರ ‘ಟ್ರೈಫಲ್ಸ್’ ಬಂತು. ಅದರಲ್ಲಿ ಸತ್ತ ಗಂಡನೂ ರಂಗಕ್ಕೆ ಬರುವುದಿಲ್ಲ, ಜೈಲಿನಲ್ಲಿರುವ ಹೆಂಡತಿಯೂ ಬರುವುದಿಲ್ಲ. ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಸಾಮಾನು ನೋಡುತ್ತಾ ನೋಡುತ್ತಾ ಕೊಲೆಯ ಕಾರಣ ಕಂಡುಕೊಳ್ಳುತ್ತಾರೆ. ಇದ್ದಕ್ಕಿದ್ದಂತೆ ಹೊಲಿಗೆ ಕೆಟ್ಟಿರುವ ಕೌದಿ, ಬಾಗಿಲು ಮುರಿದ ಪಂಜರ, ಪೆಟ್ಟಿಗೆಯಲ್ಲಿ ಕತ್ತು ತಿರುಚಿದ ಹಕ್ಕಿ. ಕೊನೆಗೆ ಹಕ್ಕಿಯ ಪೆಟ್ಟಿಗೆಯನ್ನು ಬಚ್ಚಿಡುತ್ತಾರೆ, ರಂಗಕ್ಕೇ ಬಾರದ ಆ ಹೆಂಡತಿಗಾಗಿ. ಇಂಥ ನಾಟಕದಲ್ಲಿ ರಂಗಪರಿಕರದ ಪಟ್ಟಿಯೇ ಕಥೆ. ಪೆಟ್ಟಿಗೆ ಕೋಟಿನ ಜೇಬಿಗೆ ಹಿಡಿಸಬೇಕು, ಹಿಂದಿನ ಸಾಲಿಗೂ ಕಾಣಬೇಕು. ಅದಕ್ಕೇ ಪರಿಕರಗಳನ್ನು ಕೊನೆಯ ವಾರಕ್ಕೆ ಬಿಡಬೇಡ, ಎರಡನೇ ದಿನದಿಂದಲೇ ಅದೇ ಅಳತೆಯ ಬದಲಿ ವಸ್ತು ನಟರ ಕೈಯಲ್ಲಿರಲಿ. ವಿಂಗಿನ ಮೇಜಿನ ಮೇಲೆ ಟೇಪಿನಿಂದ ಮನೆ ಮಾಡಿ, ಪ್ರತಿಯೊಂದರ ಹೆಸರು ಬರೆ. ಖಾಲಿ ಮನೆ ಕಂಡಿತೆಂದರೆ ಆ ವಸ್ತು ಎಲ್ಲೋ ಹೋಗಿದೆ ಅಂತ ಒಂದೇ ನೋಟಕ್ಕೆ ತಿಳಿಯುತ್ತದೆ.

ಇನ್ನು ಸ್ಕ್ರಿಪ್ಟು. ಲೇಖಕರು ಎದುರಿಗೇ ಕೂತಿರುವ ನಾಟಕ ದಿನಾ ಬದಲಾಗುತ್ತದೆ. ಹೊಸ ಪುಟದ ತಲೆಯ ಮೇಲೆ ತಾರೀಕು ಹಾಕದೆ ಯಾರಿಗೂ ಕೊಡಬೇಡ. 14ನೇ ಪುಟ ಬೆಳೆದು ಎರಡಾದರೆ ಅದು 14, 14ಎ. 15 ಅಂತ ಮಾಡಿದೆಯೋ, ಲೈಟಿನವರ, ಸೌಂಡಿನವರ, ಬಟ್ಟೆಯವರ ಪಟ್ಟಿಗಳೆಲ್ಲ ಒಂದೊಂದು ಪುಟ ಜಾರುತ್ತವೆ. ತೆಗೆದ ಪುಟಗಳನ್ನು ಬೇರೆ ಫೈಲಿನಲ್ಲಿಡು. ಸೋಮವಾರ ಹೊಡೆದುಹಾಕಿದ್ದನ್ನು ಗುರುವಾರ ವಾಪಸ್ ಕೇಳುವುದು ಲೇಖಕರ ಜಾತಿಗುಣ. ಪ್ರಾಂಪ್ಟ್ ಪುಸ್ತಕದಲ್ಲಿ ಪೆನ್ಸಿಲ್ ಬಿಟ್ಟು ಬೇರೇನೂ ಬೇಡ. ಒಂದು ಸಾಲು ಹೋದಾಗಲೆಲ್ಲ ಆ ಸಾಲಿನ ಮೇಲೆ ಯಾವ ಸ್ಟ್ಯಾಂಡ್‌ಬೈ, ಅಂದರೆ ಕ್ಯೂಗೆ ಸಿದ್ಧರಾಗಿ ಅನ್ನುವ ಎಚ್ಚರಿಕೆ, ಕೂತಿತ್ತು ನೋಡು. ಸಾಲು ಹೋಯಿತು, ಅದರ ಜೊತೆ ಎಚ್ಚರಿಕೆಯೂ ಹೋಯಿತು, ಮೊದಲ ಪ್ರದರ್ಶನದಲ್ಲಿ ಲೈಟಿನವರು ನಿದ್ದೆಗಣ್ಣಿನಲ್ಲಿದ್ದರು ಅಂತಾಗಬಾರದು. ಮೊದಲ ಪ್ರದರ್ಶನಕ್ಕೆ ಎರಡು ದಿನ ಇರುವಾಗ ಸ್ಕ್ರಿಪ್ಟಿಗೆ ಬೀಗ ಹಾಕಿಸು. ಆಮೇಲೆ ತೆಗೆಯಬಹುದು, ಸೇರಿಸುವಂತಿಲ್ಲ. ಈ ಮಾತನ್ನು ಮೊದಲ ದಿನವೇ ಲೇಖಕರ, ನಿರ್ದೇಶಕರ ಇಬ್ಬರ ಎದುರೂ ಆಡು. ಕೊನೆಗೆ ಆಡಿದರೆ ಜಗಳವಾಗುತ್ತದೆ.

ಮೊದಲ ಓದಿನಲ್ಲಿ ಪ್ರತಿ ದೃಶ್ಯಕ್ಕೂ ಟೈಮ್ ಬರೆದುಕೋ, ಆಮೇಲೆ ವಾರಕ್ಕೆರಡು ಸಲ. ಓದುವಾಗ ಒಂದೂವರೆ ನಿಮಿಷವಿದ್ದ ಸಾವಿನ ಪುಟ ರಂಗದ ಮೇಲೆ ಮೂರು ನಿಮಿಷವಾಗುತ್ತದೆ, ಯಾಕೆಂದರೆ ನಟರಿಗೆ ಮೌನದ ರುಚಿ ಹತ್ತುತ್ತದೆ. 70 ನಿಮಿಷದ ನಾಟಕ 78 ಆಯಿತೆಂದರೆ ಮೊದಲು ಅಲ್ಲೇ ಹುಡುಕು. ನೀನು ತೀರ್ಪು ಕೊಡಬೇಡ, ನಿರ್ದೇಶಕರಿಗೆ ಅಂಕಿ ತೋರಿಸು ಸಾಕು.

ಸಾಯುವುದನ್ನು ಆಡುವುದು ಹೇಗೆ? ನಾಟ್ಯಶಾಸ್ತ್ರದ ಭರತ ವಿಷದ ಸಾವಿಗೆ ಎಂಟು ಹಂತ ಹೇಳುತ್ತಾನೆ: ಕೃಶತೆ, ನಡುಕ, ಉರಿ, ಬಿಕ್ಕಳಿಕೆ, ನೊರೆ, ಹೆಗಲು ಕುಸಿಯುವುದು, ಜಡತೆ, ಮರಣ. ಇದು ತುಂಬ ಒಳ್ಳೆಯ ಪಟ್ಟಿ, ಆದರೆ ಎಂಟನ್ನೂ ಮಾಡಿದರೆ ಮೂರನೇ ಸಾಲಿನಲ್ಲಿ ಯಾರೋ ನಗುತ್ತಾರೆ. ಪಾತ್ರಕ್ಕೆ ಏನು ಕಾಯಿಲೆ ಅಂತ ಲೇಖಕರನ್ನು ಕೇಳಿ, ಅದಕ್ಕೆ ಸರಿಯಾದ ಒಂದೋ ಎರಡೋ ಲಕ್ಷಣವನ್ನು ನಟ ಆರಿಸಿಕೊಳ್ಳಲಿ. ಉಸಿರು ಕಟ್ಟುವ ರೋಗಿ ಒಂದು ಉಸಿರಿಗೆ ಮೂರು ನಾಲ್ಕು ಪದಕ್ಕಿಂತ ಹೆಚ್ಚು ಆಡಲಾರ. ಸ್ಕ್ರಿಪ್ಟಿನಲ್ಲಿ ಅವನಿಗೆ ಇಪ್ಪತ್ತು ಪದದ ವಾಕ್ಯವಿದ್ದರೆ, ಅದು ತಿದ್ದಬೇಕಾದ ವಾಕ್ಯ. ಕೊನೆಯ ಹೊತ್ತಿನಲ್ಲಿ ಉಸಿರಾಟದ ನಡುವೆ ಬಿಡುವು ಬರುವುದು ನಿಜ. ಅದನ್ನು ಲೆಕ್ಕಕ್ಕೆ ಇಳಿಸು: ಮೊದಲ ಬಿಡುವು ನಾಲ್ಕು ಎಣಿಕೆ, ಮುಂದಿನದು ಏಳು, ಆಮೇಲೆ ಉಸಿರು ಬರುವುದೇ ಇಲ್ಲ. ಪಕ್ಕದಲ್ಲಿ ಕೂತವಳು ಮುಂದಿನ ಉಸಿರಿಗೆ ಕಾಯುತ್ತಾಳೆ, ಹತ್ತರ ಹೊತ್ತಿಗೆ ತಲೆಯೆತ್ತುತ್ತಾಳೆ. ಇಡೀ ಸಭೆ ಅವಳ ಜೊತೆ ಎಣಿಸಿರುತ್ತದೆ. ಬೆಳಕಿನ ಕ್ಯೂ ಆ ತಲೆ ಎತ್ತಿದ್ದರ ಮೇಲೆ. ಮಲಗಿದವನ ಉಸಿರಿನ ಮೇಲೆ ಇಟ್ಟರೆ ಕ್ಯೂ ಕೊಡುವ ಬೂತಿನಲ್ಲಿ ಕೂತ ನಿನಗೆ ಕಾಣುವುದೂ ಇಲ್ಲ, ದಿನಾ ಒಂದೊಂದು ಕಡೆ ಬೀಳುತ್ತದೆ. ಆಸ್ಪತ್ರೆಯ ಮಾನಿಟರಿನ ಬೀಪ್ ಸದ್ದು ಹಾಕೋಣ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಒಪ್ಪಬೇಡ. ಒಂದು ಸೆಕೆಂಡ್ ಹಿಂದುಮುಂದಾದರೂ ನಟ ಸತ್ತಮೇಲೆ ಯಂತ್ರ ಬದುಕಿರುತ್ತದೆ.

ಸಭೆಯ ಕಣ್ಣು ಪಕ್ಕದಲ್ಲಿ ಕೂತವಳ ಮೇಲೆ ಹೋದ ಕ್ಷಣವೇ ಹೆಣಕ್ಕೆ ಉಸಿರೆಳೆದುಕೊಳ್ಳುವ ಸಮಯ. ಉಳಿದದ್ದು ಮಲಗುವ ರೀತಿಯಲ್ಲಿದೆ. ಹೊಟ್ಟೆ ಪ್ರೇಕ್ಷಕರಿಗೆ ಪಕ್ಕಕ್ಕೆ ಕಾಣುವಂತೆ ಮಲಗಿಸಿದರೆ ಏರಿಳಿತ ಮುಚ್ಚಿಡಲು ಆಗುವುದಿಲ್ಲ, ತಲೆಯೋ ಪಾದವೋ ಸ್ವಲ್ಪ ಮುಂದಕ್ಕೆ ತಿರುಗಲಿ. ಹೊದಿಕೆ ಬಿಗಿಯಾಗಿ ಎಳೆಯದೆ ಮಡಿಕೆ ಮಡಿಕೆಯಾಗಿ ಬಿಡಿ. ಬಾಯಿ ಚೂರು ತೆರೆದು ಸಣ್ಣ ಸಣ್ಣ ಉಸಿರು, ಜೋರಾಗಿ ಎಳೆದರೆ ಎದೆ ಏಳುತ್ತದೆ. ಮುಚ್ಚಿದ ರೆಪ್ಪೆಯೊಳಗೆ ದೃಷ್ಟಿ ಪಾದದ ಕಡೆಗಿದ್ದರೆ ರೆಪ್ಪೆ ಅದುರುವುದು ಕಡಿಮೆ. ಓಡಿ ಬಂದ ಅಥವಾ ಕೂಗಾಡಿದ ತಕ್ಷಣ ಸಾಯುವಂತೆ ಬ್ಲಾಕಿಂಗ್, ಅಂದರೆ ರಂಗದ ಮೇಲಿನ ಚಲನೆ, ಇದ್ದರೆ ಬದಲಿಸಿ, ಏದುಸಿರು ಅಡಗಲು ಎರಡು ನಿಮಿಷವಾದರೂ ಬೇಕು. ಕಂಬಳಿಯನ್ನು ವಾರಕ್ಕೆರಡು ಸಲ ಒಗೆಸು. ಹೆಣ ಸೀನುವುದಕ್ಕೆ ಮುಕ್ಕಾಲು ಪಾಲು ಕಾರಣ ಧೂಳು, ಉಳಿದದ್ದು ಹೊಗೆಯ ಯಂತ್ರ. ಆ ಹೊಗೆ ಗಂಟಲು ಒಣಗಿಸುತ್ತದೆ, ನೆಲವನ್ನೂ ಜಾರಿಸುತ್ತದೆ. ಹತ್ತು ನಿಮಿಷಕ್ಕಿಂತ ಹೆಚ್ಚು ಮಲಗಿರಬೇಕಾದ ಪಾತ್ರವಾದರೆ ನಟರು ನಿಜವಾಗಿ ನಿದ್ದೆ ಹೋಗುವುದೂ ಉಂಟು, ಬೆಚ್ಚಗಿನ ಬೆಳಕು, ಹಗಲೆಲ್ಲ ತಾಲೀಮಿನ ಸುಸ್ತು. ಕೈ ಹಿಡಿದವಳು ಆಗಾಗ ಸಣ್ಣದಾಗಿ ಬೆರಳು ಒತ್ತಬೇಕು ಅಂತ ಅವರಿಬ್ಬರಲ್ಲೇ ಒಪ್ಪಂದವಿರಲಿ.

ಮಂಚ ನೆಲದಿಂದ 60 ಸೆಂಟಿಮೀಟರ್ ಇದ್ದರೆ ಸಮತಟ್ಟಾದ ಸಭೆಯಲ್ಲಿ ನಾಲ್ಕನೇ ಸಾಲಿನಿಂದ ಹಿಂದಕ್ಕೆ ಮುಂದಿನವರ ತಲೆಗಳೇ ಕಾಣುತ್ತವೆ. ಕೆಳಗೆ 20 ಸೆಂಟಿಮೀಟರ್ ವೇದಿಕೆ ಕೊಟ್ಟು, ತಲೆಯ ಕಡೆ 30 ಡಿಗ್ರಿ ಎತ್ತಿಸು. ಪಕ್ಕದ ಕುರ್ಚಿ ಮಂಚದ ಹಿಂದುಗಡೆ ಬರಲಿ. ಮುಂದೆ ಇಟ್ಟರೆ ನಮಗೆ ಬೇಕಾದ ಮುಖವೇ ಮರೆಯಾಗುತ್ತದೆ.

ಬೆಳಕಿನ ವಿಷಯ ಹೇಳಲೇಬೇಕು, ಯಾಕೆಂದರೆ ನಿಮ್ಮದು ಅರ್ಧ ತೆರೆದ ರಂಗ. ಅಲ್ಲಿ ಜುಲೈ ಮೊದಲ ವಾರ ಸೂರ್ಯ ಮುಳುಗುವುದು ಸುಮಾರು 8.20ಕ್ಕೆ, ಆಗಸ್ಟ್ ಕೊನೆಗೆ 7.15ಕ್ಕೆ. ಏಳೂವರೆಗೆ ಶುರುವಾಗುವ ನಾಟಕದ ಮೊದಲ ಅರ್ಧದ ಕ್ಯೂಗಳು ಜುಲೈನಲ್ಲಿ ಕಾಣುವುದೇ ಇಲ್ಲ, ಆಗಸ್ಟ್ ಕೊನೆಯಲ್ಲಿ ಅದೇ ಕ್ಯೂಗಳು ಕಣ್ಣಿಗೆ ಹೊಡೆಯುತ್ತವೆ. ಎರಡು ವಾರಕ್ಕೊಮ್ಮೆ ಲೈಟ್ ವಿನ್ಯಾಸಕರನ್ನು ಕೂರಿಸಿಕೊಂಡು ಮಟ್ಟ ತಿದ್ದಿಸು. ಕೊನೆಯ ಕತ್ತಲು ಮೂರರಿಂದ ಐದು ಸೆಕೆಂಡಿನಲ್ಲಿ ಮುಗಿಯಲಿ. ಹದಿನೈದು ಸೆಕೆಂಡ್ ಎಳೆದರೆ ನಾಟಕ ಮುಗಿಯಿತೋ ಇಲ್ಲವೋ ತಿಳಿಯದೆ ಒಬ್ಬರು ಚಪ್ಪಾಳೆ ತಟ್ಟಿ ನಿಲ್ಲಿಸುತ್ತಾರೆ, ಆ ಮುಜುಗರ ಸಭೆಗೆಲ್ಲ ಹರಡುತ್ತದೆ. ಹೆಡ್‌ಸೆಟ್ಟಿನಲ್ಲಿ ‘ಗೋ’ ಅನ್ನುವ ಪದವನ್ನು ಕ್ಯೂ ಕೊಡುವಾಗ ಬಿಟ್ಟು ಬೇರೆ ಯಾವುದಕ್ಕೂ ಬಳಸಬಾರದು ಅಂತ ನಿನಗೆ ಗೊತ್ತೇ ಇದೆ, ಹೊಸ ಹುಡುಗರಿಗೆ ಹೇಳು.

ಸಾವಿನ ದೃಶ್ಯದ ತಾಲೀಮನ್ನು ದಿನದ ಕೊನೆಗೆ ಇಡಬೇಡ. ಮಧ್ಯದಲ್ಲಿಟ್ಟು, ಅದರ ನಂತರ ಹಗುರವಾದ ದೃಶ್ಯವೊಂದನ್ನೋ, ಸುಮ್ಮನೆ ಸಾಮಾನು ಜರುಗಿಸುವ ಅಭ್ಯಾಸವನ್ನೋ ಹಾಕು. 55 ನಿಮಿಷಕ್ಕೆ 5, ಇಲ್ಲವೆ 80 ನಿಮಿಷಕ್ಕೆ 10 ನಿಮಿಷ ಬಿಡುವು ಅನ್ನುವುದು ಅಲ್ಲಿನ ನಟರ ಸಂಘದ ನಿಯಮ. ಎಲ್ಲರೂ ಅಳುತ್ತಿದ್ದರೂ ಗಡಿಯಾರ ನೋಡಿ ಬಿಡುವು ಕೂಗು. ನಿನ್ನನ್ನು ಕಲ್ಲುಹೃದಯದವಳು ಅಂದುಕೊಂಡರೆ ಅಂದುಕೊಳ್ಳಲಿ. ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡ ನಟರು ತಂಡದಲ್ಲಿದ್ದರೆ, ಆ ದೃಶ್ಯದ ತಾಲೀಮು ಯಾವ ದಿನ, ಎಷ್ಟು ಹೊತ್ತಿಗೆ ಅಂತ ಮುಂಚೆಯೇ ತಿಳಿಸು. ಸಾಯುವ ಪಾತ್ರದವರಿಗಿಂತ ಕೈ ಹಿಡಿದು ಕೂರುವವರಿಗೆ ಇದು ಹೆಚ್ಚು ಕಾಡುತ್ತದೆ. ಪ್ರದರ್ಶನ ಮುಗಿದ ಮೇಲೆ ಕೈ ಹಿಡಿದು ಕೂತ ನಟಿ ಬಟ್ಟೆ ಬದಲಿಸಿ ಹೊರಬರುವವರೆಗೆ ಒಬ್ಬರು ಗ್ರೀನ್ ರೂಮಿನ ಹತ್ತಿರ ಇರಲಿ, ಮಾತಾಡಿಸಲೇಬೇಕು ಅಂತೇನಿಲ್ಲ.

ಯಾರನ್ನೋ ಕಳೆದುಕೊಂಡವರು ಪ್ರೇಕ್ಷಕರಲ್ಲೂ ಇರುತ್ತಾರೆ. ಟಿಕೆಟ್ ಕೊಡುವಲ್ಲಿ ನಾಟಕದಲ್ಲಿ ಏನಿದೆ ಅಂತ ಒಂದು ಸಾಲು ಬರೆದಿಡಿ, ದಾರಿ ಪಕ್ಕದ ನಾಲ್ಕು ಸೀಟು ಮಾರದೆ ಉಳಿಸಿ. ಎದ್ದು ಹೋದವರಿಗೆ ವಾಪಸ್ ಬರಲು ಯಾವ ಸಾಲಿನಲ್ಲಿ ಬಿಡಬೇಕು ಅಂತ ಬಾಗಿಲ ಹುಡುಗರಿಗೆ ಪುಟದ ನಂಬರಿನ ಸಮೇತ ಹೇಳಿಕೊಡು. ಕೈ ಹಿಡಿದು ಎಣಿಸುತ್ತಿರುವಾಗ ಬಾಗಿಲು ತೆರೆದರೆ ಮೂರು ವಾರದ ಕೆಲಸ ನೀರಿನಲ್ಲಿ ಹೋಮ. ಸಭೆಯ ದೀಪಗಳನ್ನು ಒಮ್ಮೆಲೇ ಹಾಕಬೇಡಿ, ಹತ್ತು ಸೆಕೆಂಡ್ ತೆಗೆದುಕೊಳ್ಳಿ. ನಾಟಕದ ನಂತರದ ಸಂವಾದಕ್ಕೆ ಹತ್ತು ನಿಮಿಷ ಬಿಡುವು ಕೊಟ್ಟು ಕೂರಿಸಿ. ಮೊದಲ ಪ್ರಶ್ನೆ ಇದು ನಿಮ್ಮ ಮನೆಯಲ್ಲಿ ನಡೆದದ್ದೇ ಅಂತ ಲೇಖಕರಿಗೆ ಬಂದೇ ಬರುತ್ತದೆ. ಉತ್ತರ ಕೊಡುತ್ತಾರೋ ಇಲ್ಲವೋ ಮುಂಚೆಯೇ ಕೇಳಿಟ್ಟುಕೋ. ಕೊಡುವುದಿಲ್ಲ ಅಂದರೆ ನಡೆಸಿಕೊಡುವವರು ಮೊದಲ ಪ್ರಶ್ನೆಯನ್ನು ಕೈ ಹಿಡಿದು ಕೂತ ನಟಿಗೆ ಹಾಕಲಿ.

ಇನ್ನೊಂದು, ಅಲ್ಲಿ ಸಂಜೆ ಸೊಳ್ಳೆ ಜಾಸ್ತಿ. ಔಷಧಿಯನ್ನು ಗ್ರೀನ್ ರೂಮಿನಲ್ಲಿ ಅರ್ಧ ಗಂಟೆ ಮುಂಚೆ ಹಚ್ಚಿಕೊಳ್ಳಲಿ, ವಿಂಗಿನಲ್ಲಿ ಸ್ಪ್ರೇ ಹೊಡೆಯಬಾರದು. ಮಲಗಿದವರಿಗೆ ಕೆಮ್ಮು ಬರುತ್ತದೆ.

ಊಟ ಬಿಡಬೇಡ.

ಅಮ್ಮ